ಬೇಲಿಯ ಓತಿಗೆ ಕಲ್ಲೇಕೆ, ಕತ್ತಿಯೇಕೆ?

ಬೇಸಗೆಯ ರಜೆ ಬಂತೆಂದರೆ ನಮ್ಮ ಕಂಬಂ ಕಣಿವೆಯ ಹಳ್ಳಿಗಳಲ್ಲಿ ಹುಡುಗರ ಕೈಗೆ ಎರಡು ಆಯುಧಗಳು ಬರುತ್ತವೆ. ಒಂದು ಕಲ್ಲು, ಇನ್ನೊಂದು ತೆಂಗಿನ ಕಡ್ಡಿಯ ತುದಿಗೆ ಕಟ್ಟಿದ ಕುಣಿಕೆ. ಎರಡಕ್ಕೂ ಗುರಿ ಒಂದೇ. ಬೇಲಿಯ ಮೇಲೆ ತಲೆಯೆತ್ತಿ ಕುಳಿತು, ಮುಂಗಾಲೂರಿ ಮೈಯನ್ನು ಏರಿಸಿ ಇಳಿಸಿ ಮಾಡುತ್ತಿರುವ ಓತಿಕ್ಯಾತ. ಅದು ಕುಣಿಕೆಯನ್ನು ಕಂಡು ಓಡುವುದಿಲ್ಲ, ಇದೇನೋ ಹೊಸದೆಂದು ನೋಡುತ್ತ ಕೂರುತ್ತದೆ. ಅಷ್ಟರಲ್ಲಿ ಕೊರಳಿಗೆ ಬಿದ್ದಿರುತ್ತದೆ.

ಇದು ಬೇಸಾಯದ ಪುಟ, ಹುಡುಗರ ಆಟದ ಮಾತು ಇಲ್ಲೇಕೆ ಎಂದು ಕೇಳುವವರುಂಟು. ಮಾತು ಬೇಸಾಯದ್ದೇ. ಹುಡುಗರ ಕಲ್ಲಿಗೆ ಬೀಳುವ ಓತಿ ಲೆಕ್ಕಕ್ಕೆ ಸಿಗುವಷ್ಟು. ನಾವು ದೊಡ್ಡವರು ಬೇಲಿ ಕಿತ್ತು, ಬೇಲಿಯ ಬುಡ ಅಗೆದು, ಉಳಿದ ಬೇಲಿಗೂ ಔಷಧ ಹೊಡೆದು ಕಳೆಯುತ್ತಿರುವುದಕ್ಕೆ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆದುದರಿಂದ ಹುಡುಗನಿಗೆ ಹೇಳುವ ಬುದ್ಧಿಯನ್ನು ಮೊದಲು ಅವನ ತಂದೆಗೆ ಹೇಳುವುದು ನ್ಯಾಯವೆಂದು ನನಗೆ ತೋರುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಮಕ್ಕಳು ಶಾಲೆಯಲ್ಲಿ ಬೀದಿಯಲ್ಲಿ ಕಲಿತ ತಮಿಳಿನಲ್ಲಿ ಬೇಲಿಯದನ್ನು ಓಣಾನ್ ಎನ್ನುತ್ತಾರೆ, ಬಣ್ಣ ಬದಲಿಸುವ ಮಂದಗಾಮಿಯನ್ನು ಪಚ್ಚೋಂದಿ ಎನ್ನುತ್ತಾರೆ. ಕನ್ನಡದಲ್ಲಿ ಮೊದಲನೆಯದು ಓತಿ ಅಥವಾ ಓತಿಕ್ಯಾತ, ಎರಡನೆಯದು ಗೋಸುಂಬೆ. ಊಸರವಳ್ಳಿ ಎಂಬ ಮಾತನ್ನು ಜನ ಎರಡಕ್ಕೂ ಹೊಂದಿಸಿ ಆಡುತ್ತಾರಾದ್ದರಿಂದ ಅದನ್ನು ಇಲ್ಲಿ ಬದಿಗಿಡುತ್ತೇನೆ. ಅದನ್ನು ರಾಜಕಾರಣಿಗಳಿಗೆ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ನಮ್ಮ ಮನೆಯ ಹಿರಿಯರು ಇಂದಿಗೂ ಬಳಸುತ್ತಾರೆ. ಮೈಸೂರು ಸೀಮೆ ಬಿಟ್ಟು ಎಷ್ಟೋ ತಲೆಮಾರು ಕಳೆದರೂ ಲಿಪಿ ಮರೆತವರ ಬಾಯಲ್ಲಿಯೂ ಆ ಗಾದೆ ಉಳಿದಿದೆ. ಈಗ ಗಾದೆಯಲ್ಲಿನ ಸಾಕ್ಷಿಯೂ ಹೋಗುತ್ತಿದೆ, ಕಕ್ಷಿಗಾರನೂ ಹೋಗುತ್ತಿದ್ದಾನೆ.

ಎರಡಕ್ಕೂ ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುವಂಥದು. ಓತಿಕ್ಯಾತ ತೆಳ್ಳಗೆ, ಒರಟು ಮೈ, ಬೆನ್ನ ಮೇಲೆ ಗರಗಸದಂತೆ ಮುಳ್ಳಿನ ಸಾಲು, ಮೈಗಿಂತ ಬಹು ಉದ್ದವಾದ ಬಾಲ, ಓಟದಲ್ಲಿ ಚುರುಕು. ಗೋಸುಂಬೆ ಎರಡೂ ಪಕ್ಕಕ್ಕೆ ಒತ್ತಿದಂತೆ ಚಪ್ಪಟೆ, ತಲೆಯ ಮೇಲೆ ಟೋಪಿಯಂಥ ಏಣು, ಕಾಲ್ಬೆರಳುಗಳು ಇಕ್ಕಳದ ಹಾಗೆ ಕೊಂಬೆಯನ್ನು ಹಿಡಿಯುತ್ತವೆ, ಬಾಲ ಸುರುಳಿ ಸುತ್ತಿ ಐದನೆಯ ಕೈಯಾಗುತ್ತದೆ. ಅದರ ಒಂದು ಕಣ್ಣು ಮುಂದೆ ನೋಡುತ್ತಿರುವಾಗ ಇನ್ನೊಂದು ಹಿಂದೆ ನೋಡಬಲ್ಲದು. ಓತಿಕ್ಯಾತವನ್ನು ಕಣಿವೆಯಲ್ಲಿ ಎಲ್ಲೆಡೆ ಕಾಣಬಹುದು. ಗೋಸುಂಬೆಗೆ ಆಂಡಿಪಟ್ಟಿಯ ಕಡೆಯಂಥ ಒಣ ಕುರುಚಲು, ಹುಣಸೆ ಬೇವುಗಳ ಸಾಲು ಹಿತ. ಭಾರತಕ್ಕೆಲ್ಲ ಗೋಸುಂಬೆಯದು ಒಂದೇ ಜಾತಿ. ಅದೇ ಸಿಂಹಳದಲ್ಲಿಯೂ ಉಂಟು.

ಇವುಗಳ ಮೇಲೆ ಹೊರಿಸಿದ ಅಪವಾದಗಳು ಒಂದೆರಡಲ್ಲ. ಶ್ರೀರಾಮನಿಗೆ ಬಾಯಾರಿದಾಗ ಅಳಿಲು ನೀರು ತಂದಿತು, ಓತಿ ಮೂತ್ರ ತಂದಿತು, ಆದ್ದರಿಂದ ಅದನ್ನು ಕೊಂದರೆ ಪುಣ್ಯ ಎಂಬುದು ನಮ್ಮ ಹುಡುಗರ ಪುರಾಣ. ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ ಸಿಕ್ಕಿದ ಕಥೆಗೆ ಯಾರೋ ಪೋಕರಿ ಸೇರಿಸಿದ ಬಾಲವಿದು. ಇನ್ನೊಂದು, ಅದು ದೂರದಿಂದಲೇ ಮನುಷ್ಯನ ರಕ್ತ ಹೀರುತ್ತದೆ ಎಂಬುದು. ಹೊಕ್ಕುಳನ್ನು ಕೈಯಿಂದ ಮುಚ್ಚಿಕೊಂಡು ಬೇಲಿ ದಾಟುವ ಮಕ್ಕಳನ್ನು ಈಗಲೂ ನೋಡಬಹುದು. ಇಂಗ್ಲಿಷರೂ ಇದಕ್ಕೆ ರಕ್ತ ಹೀರುಕ ಎಂಬ ಅರ್ಥದ ಹೆಸರನ್ನೇ ಇಟ್ಟರು ಎಂದ ಮೇಲೆ ನಮ್ಮ ಮಕ್ಕಳನ್ನು ಬೈದು ಫಲವಿಲ್ಲ. ನಿಜಾಂಶ ಇಷ್ಟೇ: ಜೋಡಿಯಾಗುವ ಕಾಲದಲ್ಲಿ ಗಂಡಿನ ತಲೆ ಕೊರಳು ಭುಜಗಳಿಗೆ ಕೆಂಪೇರುತ್ತದೆ, ಅದು ಎತ್ತರದ ಗೂಟವೇರಿ ಮೈಯನ್ನು ಏರಿಸಿ ಇಳಿಸಿ ಈ ಬೇಲಿ ನನ್ನದೆಂದು ಇತರ ಗಂಡುಗಳಿಗೆ ಸಾರುತ್ತದೆ. ನಾವು ಹೊಲದ ಗಡಿಗೆ ಕಲ್ಲು ನೆಟ್ಟ ಹಾಗೆ. ಆ ಕೆಂಪು ಅದರ ಸ್ವಂತದ್ದು, ನಮ್ಮ ಹೊಕ್ಕುಳಿನದಲ್ಲ.

ಗೋಸುಂಬೆಗೆ ವಿಷವಿದೆ, ಅದರ ಉಸಿರು ತಾಗಿದರೂ ಕೇಡು ಎಂಬುದು ಮೂರನೆಯದು. ಮನುಷ್ಯನಿಗೆ ಅಪಾಯ ಮಾಡುವ ವಿಷ ಭಾರತದ ಯಾವ ಹಲ್ಲಿಗೂ ಇಲ್ಲ, ಯಾವ ಓತಿಗೂ ಇಲ್ಲ. ಹೆದರಿದಾಗ ಗೋಸುಂಬೆ ಮೈಯುಬ್ಬಿಸಿ ಬುಸುಗುಟ್ಟುತ್ತದೆ, ಕಪ್ಪಾಗುತ್ತದೆ. ಅದು ಬಡವನ ಕೋಪ. ಅದು ಕುಳಿತ ಎಲೆಯ ಬಣ್ಣವನ್ನೇ ತಾಳುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ. ಬಿಸಿಲು, ಚಳಿ, ಭಯ, ಜಗಳ, ಇವುಗಳಿಗೆ ತಕ್ಕಂತೆ ಅದರ ಮೈ ಬದಲಾಗುತ್ತದೆ. ಬಣ್ಣದ ಗುಟ್ಟನ್ನು ೨೦೧೫ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರಿನ ಒಂದು ಗೋಸುಂಬೆಯಲ್ಲಿ ಬಿಡಿಸಿ ತೋರಿಸಿದರು. ಚರ್ಮದ ಕಣಗಳೊಳಗೆ ಅತಿ ಸೂಕ್ಷ್ಮವಾದ ಹರಳುಗಳು ಸಾಲುಗಟ್ಟಿರುತ್ತವೆ. ಮೈ ಸಡಿಲವಾಗಿದ್ದಾಗ ಅವು ಒತ್ತೊತ್ತಾಗಿದ್ದು ನೀಲಿ ಹಸುರು ಬೆಳಕನ್ನು ಹಿಂದಿರುಗಿಸುತ್ತವೆ; ಕೆರಳಿದಾಗ ಅವುಗಳ ನಡುವಣ ಅಂತರ ಹೆಚ್ಚಿ ಹಳದಿ ಕೆಂಪು ತೋರುತ್ತದೆ. ಹರಳು ಅದೇ, ಅಂತರ ಮಾತ್ರ ಬೇರೆ.

ಮಡಗಾಸ್ಕರಿನ ಮಾತು ಬಂತು. ಆಫ್ರಿಕದ ಮೂಡಣಕ್ಕೆ ಹಿಂದೂ ಮಹಾಸಾಗರದಲ್ಲಿರುವ ಆ ದೊಡ್ಡ ದ್ವೀಪ ಗೋಸುಂಬೆಗಳ ತವರು. ಲೋಕದಲ್ಲಿ ಇನ್ನೂರಕ್ಕೂ ಮಿಕ್ಕಿ ಜಾತಿಗಳಿದ್ದರೆ ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲಿಯವೇ, ಬೇರೆಲ್ಲಿಯೂ ಇಲ್ಲದವು. ಅಲ್ಲಿ ನೈರುತ್ಯದ ಒಣ ಕಾಡಿನಲ್ಲಿ ಒಂದು ಗೋಸುಂಬೆಯಿದೆ. ಅದರ ಬಾಳಿನ ಲೆಕ್ಕವನ್ನು ರೈತರು ಅವಶ್ಯ ಕೇಳಬೇಕು. ಮೊಟ್ಟೆಯಲ್ಲಿ ಎಂಟು ಒಂಬತ್ತು ತಿಂಗಳು. ಮೊಟ್ಟೆಯೊಡೆದು ಹೊರಬಂದ ಮೇಲೆ ಬದುಕುವುದು ನಾಲ್ಕೈದು ತಿಂಗಳು ಮಾತ್ರ. ಮಳೆ ಬಂದಾಗ ಎಲ್ಲ ಮರಿಗಳೂ ಒಟ್ಟಿಗೆ ಹೊರಡುತ್ತವೆ, ಬೆಳೆಯುತ್ತವೆ, ಜೋಡಿಯಾಗುತ್ತವೆ, ಮೊಟ್ಟೆಯಿಟ್ಟು ಎಲ್ಲವೂ ಸಾಯುತ್ತವೆ. ಬೇಸಗೆಯಲ್ಲಿ ಆ ಕಾಡಿಗೆ ಹೋಗಿ ಹುಡುಕಿದರೆ ಮರದ ಮೇಲೆ ಒಂದೂ ಸಿಗದು. ಇಡೀ ಜಾತಿಯೇ ಮಣ್ಣಿನೊಳಗೆ ಮೊಟ್ಟೆಯಾಗಿ ಮಲಗಿರುತ್ತದೆ. ನಮ್ಮ ಬಿತ್ತನೆಯ ಜೋಳದ ಹಾಗೆ. ಆಗ ಯಾರಾದರೂ ಆ ನೆಲವನ್ನು ಅಗೆದು ಸುಟ್ಟರೆ ಹೋಗುವುದು ಒಂದಿಷ್ಟು ಓತಿಗಳಲ್ಲ, ಬೀಜವೇ ಹೋಯಿತು.

ನಮ್ಮ ಓತಿಗೆ ಇಷ್ಟು ಕಟ್ಟುನಿಟ್ಟಿಲ್ಲ, ಆದರೆ ಕ್ರಮ ಅದೇ. ಮರದ ಮೇಲೆ ಬಾಳುವ ಪ್ರಾಣಿ ಮೊಟ್ಟೆಗಾಗಿ ನೆಲಕ್ಕಿಳಿಯುತ್ತದೆ. ಮಳೆ ಬಿದ್ದು ಮಣ್ಣು ಹದವಾದಾಗ ಹೆಣ್ಣು ಓತಿ ಬೇಲಿಯ ಬುಡದಲ್ಲಿ, ಬದುವಿನ ಪಕ್ಕದಲ್ಲಿ ಸಣ್ಣ ಗುಳಿ ತೋಡಿ, ಹತ್ತಿಪ್ಪತ್ತು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿಮಾಡಿ ಹೊರಟುಹೋಗುತ್ತದೆ. ಕಾಯುವುದಿಲ್ಲ. ಆರೇಳು ವಾರಕ್ಕೆ ಮರಿಗಳು ತಾವೇ ಮೇಲೆ ಬರುತ್ತವೆ. ಗೋಸುಂಬೆಯ ಮೊಟ್ಟೆಗಾದರೋ ತಿಂಗಳುಗಟ್ಟಲೆ ಬೇಕು. ನಾವು ಬೇಲಿಯ ಬುಡವನ್ನು ಗುದ್ದಲಿಯಿಂದ ಕೆರೆದು ಚೊಕ್ಕಟ ಮಾಡುವುದು ಯಾವಾಗ? ಮಳೆ ಬಿದ್ದ ಮೇಲೆ, ಕಳೆ ಎದ್ದಾಗ. ಇಬ್ಬರಿಗೂ ಒಂದೇ ಹದ, ಒಂದೇ ಜಾಗ.

ಇನ್ನು ಬೆಳೆಗೆ ಇದರಿಂದ ಲಾಭವೇನು ಎಂಬ ಪ್ರಶ್ನೆ. ಇಲ್ಲಿ ಉತ್ಪ್ರೇಕ್ಷೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಓತಿಯನ್ನು ಸಾಕಿದರೆ ಔಷಧ ಬೇಡವೆಂದು ಹೇಳುವವರ ಮಾತನ್ನು ನಂಬಬೇಡಿ. ಅದು ತಿನ್ನುವುದು ಇರುವೆ, ಜೀರುಂಡೆ, ಮಿಡತೆ, ಕಂಬಳಿಹುಳು, ಚಿಟ್ಟೆ, ನೊಣ, ಜೇಡ, ಕೈಗೆ ಸಿಕ್ಕಿದ್ದನ್ನೆಲ್ಲ. ಅದರಲ್ಲಿ ನಮಗೆ ಬೇಡದ ಹುಳವೂ ಇದೆ, ಬೇಕಾದ ಜೇನುನೊಣವೂ ಇದೆ. ದೊಡ್ಡ ಓತಿ ಸಣ್ಣ ಹಕ್ಕಿಯ ಗೂಡಿಗೂ ಕೈಹಾಕುತ್ತದೆ, ತನ್ನ ಜಾತಿಯ ಮರಿಯನ್ನೂ ಬಿಡದು. ಗೋಸುಂಬೆ ತನ್ನ ಮೈಯನ್ನೂ ಮೀರುವಷ್ಟು ಉದ್ದದ ನಾಲಗೆಯನ್ನು ಕಣ್ಣು ಮಿಟುಕಿಸುವುದರೊಳಗೆ ಎಸೆದು ಮಿಡತೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೂ ಆರಿಸಿ ತಿನ್ನುವ ಸಂಸ್ಕಾರವಿಲ್ಲ. ಹಾಗಾದರೆ ಲಾಭವೆಲ್ಲಿ? ಸಂಬಳ ಕೇಳದೆ ಬೆಳಗಿನಿಂದ ಸಂಜೆವರೆಗೆ ಬೇಲಿ ಕಾಯುವ ಕೂಲಿಯಾಳು ಒಂದೆರಡು ಹಿಡಿ ತಿಂದರೂ ಕೆಲಸ ನಡೆದೇ ಇರುತ್ತದೆ. ಹುಳ ಹೆಚ್ಚಿದ ಕಡೆ ಅದೇ ಹೆಚ್ಚಾಗಿ ಬಾಯಿಗೆ ಬೀಳುತ್ತದೆ ಎಂಬುದು ಸಹಜ ನ್ಯಾಯ. ಮೇಲಾಗಿ ಓತಿಯನ್ನು ತಿನ್ನುವವರೂ ಇದ್ದಾರೆ: ಕೆಂಬೂತ, ಗಿಡುಗ, ಕೆರೆಹಾವು, ಮುಂಗುಸಿ. ಇಲಿಯನ್ನು ಹಿಡಿಯುವ ಹಾವು ಗಿಡುಗಗಳು ಹೊಲದಲ್ಲಿ ನಿಲ್ಲಬೇಕಾದರೆ ಇಲಿ ಇಲ್ಲದ ದಿನ ಅವಕ್ಕೊಂದು ತುತ್ತು ಬೇಡವೇ?

ಒಂದು ಕೊಂಡಿಯನ್ನು ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ನಿದರ್ಶನ ಸಾಕು. ೧೯೫೮ರಲ್ಲಿ ಅಲ್ಲಿನ ಸರಕಾರ ಗುಬ್ಬಿ ಕಾಳು ತಿನ್ನುತ್ತದೆಂದು ಅದನ್ನು ಪೀಡೆಗಳ ಪಟ್ಟಿಯಲ್ಲಿ ಸೇರಿಸಿತು. ಜನ ತಟ್ಟೆ ಡೋಲು ಬಡಿದು ಗುಬ್ಬಿಗಳನ್ನು ಕೂರಗೊಡದೆ ಬಳಲಿಸಿ ಬೀಳಿಸಿದರು. ಕಾಳು ತಿನ್ನುವ ಗುಬ್ಬಿ ಮರಿಗಳಿಗೆ ಹುಳ ತಿನ್ನಿಸುತ್ತಿತ್ತೆಂಬುದು ಹುಳ ಹೆಚ್ಚಿದ ಮೇಲೆ ತಿಳಿಯಿತು. ೧೯೬೦ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ಅದರ ಜಾಗದಲ್ಲಿ ತಿಗಣೆಯನ್ನು ಬರೆದರು. ಆಗ ಬಂದ ಬರಗಾಲಕ್ಕೆ ಇದೊಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಇದೂ ಒಂದು.

ಹೀಗೆಂದ ಮಾತ್ರಕ್ಕೆ ಓತಿ ಎಲ್ಲೆಲ್ಲಿಯೂ ಸಾಧುವೆಂದಲ್ಲ. ನಮ್ಮ ಓತಿಕ್ಯಾತದ ಬಳಗವೇ ಹತ್ತೊಂಬತ್ತನೆಯ ಶತಮಾನದಲ್ಲಿ ಜಾವಾದಿಂದ ಹೋದ ಕಬ್ಬಿನ ತುಂಡುಗಳ ಹೊರೆಯಲ್ಲಿ ಅಡಗಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವನ್ನು ಸೇರಿತು. ಅಲ್ಲಿಂದ ಮಾರಿಷಸ್ಸಿಗೂ ಹಬ್ಬಿತು. ನಮ್ಮ ಮದರಾಸು ಸೀಮೆಯ ಕೂಲಿಗಳು ಕಬ್ಬಿನ ತೋಟಕ್ಕೆ ಹೋದ ದ್ವೀಪಗಳೇ ಅವು. ಆಳು ಹೋದಲ್ಲಿಗೆ ಓತಿಯೂ ಹೋಯಿತು. ಆ ದ್ವೀಪಗಳಲ್ಲಿ ಮರದ ಮೇಲೆ ಬಾಳುವ ಹಸುರು ಹಗಲುಹಲ್ಲಿಗಳಿವೆ, ಲೋಕದ ಬೇರೆ ಕಡೆ ಇಲ್ಲದಂಥವು. ಸಾವಿರಾರು ವರ್ಷ ಇಂಥ ಬೇಟೆಗಾರನನ್ನೇ ಕಾಣದ ಆ ಸಣ್ಣ ಪ್ರಾಣಿಗಳಿಗೆ ನಮ್ಮ ಓತಿ ಯಮನಾಯಿತು. ಬೆಕ್ಕು, ಇಲಿ ಮುಂತಾಗಿ ಹಡಗಿನಲ್ಲಿ ಬಂದ ಇತರರ ಜೊತೆಗೆ ಇದೂ ಒಬ್ಬ ಅಪರಾಧಿ. ಅಲ್ಲಿನವರು ಅದನ್ನು ಹೊರಗಿನದೆಂದು ದೂರುವುದು ನ್ಯಾಯವೇ. ಇಲ್ಲಿ ಅದು ಮನೆಯ ಹುಡುಗ, ಅಲ್ಲಿ ಹೇಳದೆ ನುಗ್ಗಿದ ನೆಂಟ.

ದ್ವೀಪವೆಂದರೆ ಸಮುದ್ರದ ನಡುವಿನದೇ ಆಗಬೇಕಿಲ್ಲ. ನಮ್ಮ ಕಣಿವೆಯಿಂದ ಬಡಗಣಕ್ಕೆ ತಲೆಯೆತ್ತಿದರೆ ಪಳನಿ ಬೆಟ್ಟಗಳು ಕಾಣುತ್ತವೆ. ದಿಂಡುಕ್ಕಲ್ ಜಿಲ್ಲೆಯ ಕೊಡೈಕನಾಲ್ ಅದರ ನೆತ್ತಿ. ಅಲ್ಲಿ ಹುಲ್ಲುಗಾವಲಿನ ಮಡಿಲಲ್ಲಿ ಶೋಲಾ ಎಂಬ ಕುಳ್ಳು ಕಾಡುಗಳಿವೆ. ಸುತ್ತ ಕೆಳಗೆ ಬಿಸಿ ಬಯಲು, ಮೇಲೆ ಮಂಜು ಮುಸುಕಿದ ಚಳಿ. ಬಯಲೇ ಕಡಲು, ಬೆಟ್ಟದ ನೆತ್ತಿಯೇ ದ್ವೀಪ. ಆ ದ್ವೀಪದಲ್ಲಿ ಒಂದು ಓತಿಯಿದೆ. ಹಸುರು ಮೈಯ ಮೇಲೆ ಕಂದು ಪಟ್ಟೆ, ಕೊರಳ ಹಿಂದೆ ಎದ್ದ ಮುಳ್ಳಿನ ಜುಟ್ಟು, ನಡೆಯಲ್ಲಿ ಬಹಳ ನಿಧಾನ. ಪೊದೆಗಳ ಮೇಲೆ, ಪಾಚಿ ಹತ್ತಿದ ಮರಗಳ ಮೇಲೆ ಅದರ ವಾಸ. ಅದನ್ನು ಮದರಾಸು ಅರಣ್ಯ ಇಲಾಖೆಯ ಬೆಡ್ಡೋಂ ಎಂಬವರು ೧೮೭೮ರಲ್ಲಿ ಆನೈಮಲೆಯ ಹೆಸರನ್ನಿಟ್ಟು ಲೋಕಕ್ಕೆ ತಿಳಿಸಿದರು. ಅದರ ಸೋದರ ಜಾತಿ ಇನ್ನೊಂದು ನೀಲಗಿರಿಯಲ್ಲಿ, ಊಟಿಯ ಪೊದೆಗಳಲ್ಲಿ ಉಂಟು. ಇವೆರಡರ ನಡುವೆ ಪಾಲಘಾಟಿನ ಕಣಿವೆ ಬಾಯಿ ತೆರೆದಿದೆ. ಬಸ್ಸಿನಲ್ಲಿ ನಮಗೆ ಒಂದು ಗಳಿಗೆಯ ದಾರಿ, ಚಳಿಯ ಓತಿಗೆ ದಾಟಲಾರದ ಕಡಲು. ಈ ಬಳಗದಲ್ಲಿ ಎರಡೇ ಜಾತಿ, ಎರಡೂ ಪಡುವಣ ಘಟ್ಟದ ನೆತ್ತಿಯಲ್ಲಿಯೇ. ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ.

ಆ ದ್ವೀಪಕ್ಕೆ ಏನಾಗಿದೆ? ಹುಲ್ಲುಗಾವಲನ್ನು ಬಂಜರೆಂದು ಬಗೆದು ವಾಟಲ್, ನೀಲಗಿರಿ, ಪೈನ್ ಮರಗಳನ್ನು ನೆಟ್ಟರು. ತೊಗಟೆಗೆಂದು ನೆಟ್ಟ ವಾಟಲ್ ತಾನೇ ಬೀಜವುದುರಿಸಿ ಹರಡಿತು. ಹುಲ್ಲುಗಾವಲು ಶೋಲಾಗಳು ಸ್ಪಂಜಿನಂತೆ ನೀರು ಹಿಡಿದು ಬೇಸಗೆಯಲ್ಲಿ ಬಿಡುತ್ತವೆ. ಪಳನಿ ಬೆಟ್ಟದ ತೊರೆಗಳು ಇಳಿದು ಸೇರುವುದು ನಮ್ಮ ಹೊಳೆ ಕೆರೆಗಳಿಗೇ. ಪೆರಿಯಕುಳದ ಮಾವಿನ ತೋಟದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ೨೦೧೩ರಲ್ಲಿ ಕೊಡೈಕನಾಲ್ ವನ್ಯಜೀವಿಧಾಮ ಘೋಷಣೆಯಾಯಿತು. ಬೇಲಿ ಹಾಕಿದ್ದಾಯಿತು, ಒಳಗಿನ ವಾಟಲ್ ತೆಗೆಯುವ ಕೆಲಸ ಬಹುಕಾಲದ್ದು. ಬೆಟ್ಟದ ಓತಿಗೆ ನಾವು ಕಣಿವೆಯವರು ನೇರವಾಗಿ ಮಾಡಬಹುದಾದದ್ದು ಕಡಿಮೆ; ಬೇಲಿಯ ಓತಿಗೆ ಮಾಡಬಹುದಾದದ್ದು ಬಹಳ. ಆದುದರಿಂದ ಕೆಳಗಿಳಿಯೋಣ.

ಹಿಂದೆ ನಮ್ಮ ಕಣಿವೆಯಲ್ಲಿಯೂ ದಿಂಡುಕ್ಕಲ್ ಸೀಮೆಯಲ್ಲಿಯೂ ಹೊಲದ ಸುತ್ತ ಜೀವಂತ ಬೇಲಿ ಇರುತ್ತಿತ್ತು. ಕಿಳುವೈ ಕಡ್ಡಿಯನ್ನು ನೆಟ್ಟರೆ ಬೇರುಬಿಟ್ಟು ಮುಳ್ಳಿನ ಗೋಡೆಯಾಗುತ್ತಿತ್ತು. ನಡುನಡುವೆ ಕಳ್ಳಿ, ಕತ್ತಾಳೆ, ಅಲ್ಲೊಂದು ಬೇವು, ಇಲ್ಲೊಂದು ಬಾರೆ. ಅಂಥ ಬೇಲಿ ಬೇಲಿಯಷ್ಟೇ ಅಲ್ಲ. ಅದು ಹೊಲದಿಂದ ಗುಡ್ಡಕ್ಕೆ ಹೋಗುವ ದಾರಿ. ನೆಲದಲ್ಲಿ ನಡೆಯಲಾರದ ಗೋಸುಂಬೆ ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು ಈ ದಾರಿಯಲ್ಲಿ ಸಾಗುತ್ತಿತ್ತು. ಈಗ ಕಲ್ಲುಕಂಬ, ಮುಳ್ಳುತಂತಿ, ಕೆಲವು ಕಡೆ ಬಿಸಿಲಿನ ವಿದ್ಯುತ್ತಿನ ತಂತಿ. ಬೇಲಿ ಹೋದ ಕಡೆ ಗೋಸುಂಬೆ ಟಾರು ರಸ್ತೆಗೆ ಇಳಿಯುತ್ತದೆ. ಒಂದು ಕಾಲೆತ್ತಿ, ತೂಗಾಡಿ, ಇಡಲೋ ಬೇಡವೋ ಎಂದು ಯೋಚಿಸಿ ನಡೆಯುವ ಪ್ರಾಣಿ ರಸ್ತೆಯ ನಡುಗೆರೆ ಮುಟ್ಟುವುದರೊಳಗೆ ಏಲಕ್ಕಿ ತೋಟಕ್ಕೆ ಆಳು ಒಯ್ಯುವ ಜೀಪು ಬಂದಿರುತ್ತದೆ.

ಜೀವಂತ ಬೇಲಿಯ ವಿರುದ್ಧ ಹೇಳುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಅದು ಎರಡು ಮೊಳ ಜಾಗ ತಿನ್ನುತ್ತದೆ; ಅದರ ನೆರಳಲ್ಲಿ ಎರಡು ಸಾಲು ಪೈರು ಸೊರಗುತ್ತದೆ; ವರ್ಷಕ್ಕೊಮ್ಮೆ ಕತ್ತರಿಸಲು ಕೂಲಿ ಬೇಕು, ಕೂಲಿಯಾಳು ಬೆಳಗಾಗುವ ಮುನ್ನ ಘಟ್ಟ ಹತ್ತಿರುತ್ತಾನೆ. ಹಾವು ಸೇರುತ್ತದೆ ಎಂಬ ಭಯವೂ ಉಂಟು. ಒಂದು ಎಕರೆಯ ರೈತನಿಗೆ ಎರಡು ಮೊಳವೂ ಬೆಲೆಯುಳ್ಳದ್ದು. ಆದರೆ ನಾಲ್ಕು ಕಡೆಯೂ ಬೇಲಿ ಇರಲಿ ಎಂದು ನಾನು ಹೇಳುತ್ತಿಲ್ಲ. ಒಂದು ಕಡೆಯದನ್ನಾದರೂ, ಮುಖ್ಯವಾಗಿ ಓಣಿಯ ಕಡೆಯದನ್ನು ಅಥವಾ ಗುಡ್ಡದ ಕಡೆಯದನ್ನು, ಬಿಡಿರೆಂದು ಕೇಳುತ್ತೇನೆ. ಬಡಗಣ ಬದಿಯ ಬೇಲಿಯಾದರೆ ವರ್ಷದ ಹೆಚ್ಚು ತಿಂಗಳು ಅದರ ನೆರಳು ನಮ್ಮ ಹೊಲದ ಮೇಲೆ ಬೀಳದು, ಆಚೆ ಬೀಳುತ್ತದೆ. ಆಚೆ ನೆರೆಯವನ ಹೊಲವಿದ್ದರೆ ಜಗಳ. ಓಣಿಯಿದ್ದರೆ ಆಡು ಕಾಯುವವರಿಗೆ ಉಪಕಾರ. ಹಾವಿಗೆ ಹೆದರಿ ಬೇಲಿ ಕೀಳುವವರು ಆ ಹಾವು ಅಲ್ಲಿಗೆ ಬರುವುದು ಇಲಿಗಾಗಿ ಎಂಬುದನ್ನು ನೆನೆಯಬೇಕು. ಇಲಿ ಬರುವುದು ಬೇಲಿಗಾಗಿ ಅಲ್ಲ, ನಮ್ಮ ಕಾಳಿಗಾಗಿ.

ಸೀಮೆಜಾಲಿ ತೆಗೆಯುವ ಕೆಲಸದಲ್ಲಿಯೂ ಒಂದು ಎಚ್ಚರ ಬೇಕು. ಸೀಮೆಜಾಲಿ ಹೋಗತಕ್ಕದ್ದೇ, ಅದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಯಂತ್ರ ತಂದವನು ಗಂಟೆಗೆ ಬಾಡಿಗೆ ಎಣಿಸುತ್ತಾನೆಯೇ ಹೊರತು ಗಿಡದ ಹೆಸರು ಕೇಳುವುದಿಲ್ಲ. ಜಾಲಿಯ ಜೊತೆಗೆ ಕಿಳುವೈ, ಬಾರೆ, ಬಂದರಿಕೆ ಎಲ್ಲವನ್ನೂ ಒಂದೇ ಬಾಚಿನಲ್ಲಿ ಎತ್ತಿಹಾಕುತ್ತಾನೆ. ಉಳಿಸಬೇಕಾದ ಗಿಡಕ್ಕೆ ಹಿಂದಿನ ಸಂಜೆಯೇ ಸುಣ್ಣದ ಗುರುತು ಹಾಕಿ ನಿಂತುಕೊಳ್ಳುವುದು ಯಜಮಾನನ ಕೆಲಸ.

ಇನ್ನು ಔಷಧ. ಕಂಬಂ ಪನ್ನೀರು ದ್ರಾಕ್ಷಿಗೆ ೨೦೨೩ರಲ್ಲಿ ಭೌಗೋಳಿಕ ಗುರುತು ದೊರೆತದ್ದು ನಮಗೆಲ್ಲ ಹೆಮ್ಮೆ. ಆ ದ್ರಾಕ್ಷಿಗೆ ಬೂಷ್ಟಿನ ಕಾಟ ಎಷ್ಟೆಂಬುದು, ಔಷಧ ಹೊಡೆಯದೆ ಬೆಳೆ ಕೈಗೆ ಬರುವುದು ಎಷ್ಟು ಕಷ್ಟವೆಂಬುದು ಚಪ್ಪರದ ಕೆಳಗೆ ನಿಂತವನಿಗೆ ಗೊತ್ತು. ಚಪ್ಪರಕ್ಕೆ ಹೊಡೆಯಿರಿ, ನಾನು ಬೇಡವೆನ್ನಲಾರೆ. ಬೇಲಿಗೇಕೆ? ಔಷಧದಂಗಡಿಯಲ್ಲಿ ಒಬ್ಬರು ನನಗೆ, ಹುಳದ ತವರು ಬೇಲಿಯೇ ಮಾಸ್ತರೇ, ಅಲ್ಲಿಗೂ ಎರಡು ಡಬ್ಬಿ ಹೊಡೆದುಬಿಡಿ ಎಂದು ಬುದ್ಧಿ ಹೇಳಿದರು. ಅವರ ಬುದ್ಧಿಯಿಂದ ಅವರಿಗೆ ಎರಡು ಡಬ್ಬಿ ವ್ಯಾಪಾರ. ಬೇಲಿಯಲ್ಲಿ ಹುಳವಿರುವುದು ನಿಜ; ಆ ಹುಳವನ್ನು ತಿನ್ನುವ ಓತಿ, ಜೇಡ, ಪರತಂತ್ರ ಕಣಜ ಇರುವುದೂ ಅಲ್ಲಿಯೇ. ವಿಷ ಎರಡನ್ನೂ ಕೊಲ್ಲುತ್ತದೆ. ಹುಳ ಮೊದಲು ತಿರುಗಿ ಬರುತ್ತದೆ, ಏಕೆಂದರೆ ಅದರ ಸಂತಾನ ಬೇಗ; ಓತಿಗೆ ವರ್ಷ ಬೇಕು. ನಡುವಿನ ಆ ಅಂತರದಲ್ಲಿ ನಮಗೆ ಮತ್ತೆರಡು ಡಬ್ಬಿಯ ಖರ್ಚು. ಸತ್ತ ಹುಳವನ್ನು ತಿಂದ ಓತಿಯ ಮೈಯಲ್ಲಿ ವಿಷ, ಆ ಓತಿಯನ್ನು ತಿಂದ ಗಿಡುಗನ ಮೈಯಲ್ಲಿಯೂ ವಿಷ.

ಕಾಸರಗೋಡಿನ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದ್ದು ೨೦೦೦ದವರೆಗೆ ನಡೆಯಿತು. ದೇಶದಲ್ಲೆಲ್ಲ ಅದನ್ನು ಸುಪ್ರೀಂ ಕೋರ್ಟು ತಡೆದದ್ದು ೨೦೧೧ರಲ್ಲಿ. ಹುಟ್ಟಿದ ಮಕ್ಕಳ ಸ್ಥಿತಿಯನ್ನು ಕಂಡ ಮೇಲೆ ಎಚ್ಚರವಾದೆವು. ಕಪ್ಪೆ, ಮೀನು, ಜೇನು ಸತ್ತದ್ದನ್ನು ಹಳ್ಳಿಯವರು ಅದಕ್ಕೂ ಮೊದಲೇ ಹೇಳಿದ್ದರು, ಕೇಳುವವರಿರಲಿಲ್ಲ.

ಕಾಸರಗೋಡು, ದಕ್ಷಿಣ ಕನ್ನಡದ ಅಡಕೆ ತೋಟದವರಿಗೆ ನಮಗಿಲ್ಲದ ಒಂದು ಭಾಗ್ಯವುಂಟು. ಅದು ಹಾರುವ ಓತಿ. ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯಂತೆ ಬಿಡಿಸಿ, ಚರ್ಮದ ರೆಕ್ಕೆ ಹರಡಿ, ಒಂದು ಅಡಕೆಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಅದರ ಮುಖ್ಯ ಆಹಾರ ಇರುವೆ. ಹೆಣ್ಣು ಮೊಟ್ಟೆಯಿಡಲು ಅದೂ ನೆಲಕ್ಕೇ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ಪ್ರಕಟಿಸಿದ ಕರ್ವಾಲೊ ಕಾದಂಬರಿಯಲ್ಲಿ ವಿಜ್ಞಾನಿಯೂ ಜೇನು ಹಿಡಿಯುವ ಮಂದಣ್ಣನೂ ಹುಡುಕಿಕೊಂಡು ಹೋಗುವುದು ಇಂಥದೊಂದು ಓತಿಯನ್ನೇ. ಓತಿಯನ್ನು ಕಲ್ಲಿನಿಂದ ಹೊಡೆಯುವ ಹುಡುಗನೇ ಅದರ ಜಾಡು ಹಿಡಿಯುವ ಪಂಡಿತನೂ ಆಗಬಲ್ಲನೆಂದು ನನಗೆ ಆ ಮಂದಣ್ಣನ ನೆನಪಿನಿಂದ ಧೈರ್ಯ.

ದಿಂಡುಕ್ಕಲ್ ಕಡೆಯವರು ಒಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಅಲ್ಲಿ ಅಯ್ಯಲೂರಿನ ಕಡೆಯ ಒಣ ಕಾಡುಗಳಲ್ಲಿ ಕಾಡುಪಾಪವಿದೆ; ತಮಿಳಿನಲ್ಲಿ ತೇವಾಂಗು. ಇರುಳಿನಲ್ಲಿ ಮರದಿಂದ ಮರಕ್ಕೆ ನಡೆದು ಹುಳ ತಿನ್ನುವ ಆ ದೊಡ್ಡ ಕಣ್ಣಿನ ಪ್ರಾಣಿಯನ್ನು ಅಪಶಕುನವೆಂದೂ ಮದ್ದೆಂದೂ ಕೊಲ್ಲುತ್ತಿದ್ದರು. ೨೦೨೨ರಲ್ಲಿ ಕರೂರು ದಿಂಡುಕ್ಕಲ್ ಜಿಲ್ಲೆಗಳ ೧೧,೮೦೬ ಹೆಕ್ಟೇರು ಕಾಡನ್ನು ತಮಿಳುನಾಡು ಸರಕಾರ ಕಡವೂರು ಕಾಡುಪಾಪ ಧಾಮವೆಂದು ಘೋಷಿಸಿತು; ಆ ಪ್ರಾಣಿಗೆಂದೇ ಮೀಸಲಾದ ಧಾಮ ದೇಶದಲ್ಲಿ ಅದೇ ಮೊದಲು. ಗೋಸುಂಬೆಗೂ ೧೯೭೨ರ ವನ್ಯಜೀವಿ ಕಾಯ್ದೆಯ ರಕ್ಷಣೆಯುಂಟು. ಹಿಡಿದು ಮಾರುವುದು ಅಪರಾಧ. ಆದರೆ ಬೇಲಿಯ ಓತಿಗೆಂದು ಯಾರೂ ಧಾಮ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾದದ್ದು ನಮ್ಮ ಹೊಲದ ಅಂಚು.

ಅದು ಅಲ್ಪ ಪ್ರಾಣಿಯೆಂದು ಪಂಡಿತರೂ ಬಹುಕಾಲ ಅಸಡ್ಡೆ ಮಾಡಿದ್ದರು. ೧೮೦೨ರಲ್ಲಿ ಫ್ರೆಂಚ್ ಪಂಡಿತನೊಬ್ಬ ಹೆಸರಿಟ್ಟ ಮೇಲೆ ಇರಾನಿನಿಂದ ಚೀನಾದವರೆಗೆ ಇರುವುದೆಲ್ಲ ಒಂದೇ ಓತಿಯೆಂದು ಬರೆದುಬಂದರು. ೨೦೨೧ರಲ್ಲಿ ನಮ್ಮ ದೇಶದ ಸಂಶೋಧಕರೇ ಪರಿಶೋಧಿಸಿ, ಒಂದೆಂದು ತಿಳಿದದ್ದು ನಾಲ್ಕು ಜಾತಿಯೆಂದು ತೋರಿಸಿದರು. ಹಳೆಯ ಹೆಸರು ತೆಂಕಣ ಸೀಮೆಯ ಓತಿಗೇ ಉಳಿಯಿತು. ಎರಡು ನೂರು ವರ್ಷ ಎಲ್ಲರ ಕಣ್ಣೆದುರು ಬೇಲಿಯ ಮೇಲೆ ಕುಳಿತಿದ್ದದ್ದರ ಕಥೆ ಇದು.

ನಾನು ಕೇಳುವುದು ದೊಡ್ಡದಲ್ಲ. ಬೇಲಿ ಸವರುವುದಿದ್ದರೆ ಮಳೆಗಾಲಕ್ಕೆ ಮೊದಲೇ ಸವರಿ. ಮಳೆ ಬಿದ್ದ ಮೇಲೆ ಎರಡು ತಿಂಗಳು ಬುಡಕ್ಕೆ ಗುದ್ದಲಿ ಹಾಕಬೇಡಿ, ಕಳೆಯನ್ನು ಕುಡುಗೋಲಿನಿಂದ ಕೊಯ್ದರೆ ಸಾಕು, ದನಕ್ಕೂ ಆದೀತು. ಬೇಲಿಗೆ ಬೆಂಕಿಯಿಡುವುದಂತೂ ಬೇಡವೇ ಬೇಡ. ಔಷಧದ ಡಬ್ಬಿ ಬೇಲಿಯಿಂದ ನಾಲ್ಕು ಮಾರು ಈಚೆ ನಿಲ್ಲಲಿ, ಗಾಳಿ ಬೇಲಿಯ ಕಡೆ ಬೀಸುವಾಗ ಹೊಡೆಯುವುದು ಬೇಡ. ಕಂಬಂನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನಲ್ಲಿ ತಂಬಿರಾನ್ ದನಗಳ ತೊಳುವನ್ನು ನಡೆಸಿಕೊಂಡು ಬಂದಿರುವ ನಮ್ಮ ಒಕ್ಕಲಿಗರಿಗೆ, ಲಾಭ ನೋಡದೆ ಒಂದು ಪ್ರಾಣಿಗೆ ಜಾಗ ಬಿಡುವುದು ಹೊಸ ಪಾಠವೇನಲ್ಲ.

ಮಕ್ಕಳ ವಿಷಯಕ್ಕೆ, ಕಲ್ಲು ಕಿತ್ತುಕೊಂಡರೆ ಬೇರೆ ಕಲ್ಲು ಹುಡುಕುತ್ತಾರೆ. ಕಲ್ಲಿನ ಬದಲು ಲೆಕ್ಕದ ಕೆಲಸ ಕೊಡುವುದು ಮೇಲು. ನಮ್ಮ ಶಾಲೆಯ ಸುತ್ತಿನ ಬೇಲಿಯನ್ನು ಮಕ್ಕಳಿಗೆ ಹತ್ತು ಹತ್ತು ಮಾರಿನಂತೆ ಹಂಚಿ, ತಿಂಗಳ ಮೊದಲ ಸೋಮವಾರ ಯಾರ ಪಾಲಿನಲ್ಲಿ ಎಷ್ಟು ಓತಿ, ಗಂಡು ಎಷ್ಟು, ಕೆಂಪೇರಿದ್ದು ಎಷ್ಟು ಎಂದು ಬರೆಸುತ್ತಿದ್ದೇನೆ. ತನ್ನ ಪಾಲಿನ ಓತಿಗೆ ಬೇರೆಯವನು ಕಲ್ಲೆಸೆದರೆ ಈಗ ಹುಡುಗರೇ ಜಗಳಕ್ಕೆ ನಿಲ್ಲುತ್ತಾರೆ. ಹುಡುಗಿಯರ ಲೆಕ್ಕ ಹುಡುಗರದಕ್ಕಿಂತ ಸರಿಯಾಗಿರುತ್ತದೆ. ಇವುಗಳ ಬಾಲ ಮನೆಯ ಹಲ್ಲಿಯದರಂತೆ ಕಳಚಿ ಮತ್ತೆ ಬೆಳೆಯುವುದಿಲ್ಲವೆಂದು ಹೇಳಿದ ದಿನದಿಂದ ಬಾಲ ಹಿಡಿದೆಳೆಯುವ ಆಟವೂ ಕ್ವಚಿತ್ತಾಗಿದೆ. ಪುಸ್ತಕದ ಒಂದು ಬದಿಯಲ್ಲಿ ತಮಿಳು ಹೆಸರು, ಇನ್ನೊಂದು ಬದಿಯಲ್ಲಿ ಮನೆಯ ಅಜ್ಜಿಯನ್ನು ಕೇಳಿ ಕನ್ನಡ ಹೆಸರು. ಅಜ್ಜಿಯರು ಕೊಟ್ಟ ಹೆಸರುಗಳು ಮನೆಯಿಂದ ಮನೆಗೆ ಬೇರೆ. ಗೋಸುಂಬೆ ಎಂಬ ಮಾತು ಕೆಲವೇ ಮನೆಗಳಲ್ಲಿ ಸಿಕ್ಕಿತು.

ಹೊಸೂರು, ತಾಳವಾಡಿ, ಮಡಕಶಿರಾ, ಕಾಸರಗೋಡು ಮೊದಲಾದ ಕಡೆಗಳಲ್ಲಿರುವ ಓದುಗರು ತಂತಮ್ಮ ಊರಿನಲ್ಲಿ ಈ ಪ್ರಾಣಿಗಳಿಗೆ ಏನೆಂದು ಕರೆಯುತ್ತಾರೆ, ಯಾವ ಗಿಡದ ಬೇಲಿಯಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಒಂದು ಕಾರ್ಡಿನಲ್ಲಿ ಪತ್ರಿಕೆಗೆ ಬರೆದು ತಿಳಿಸಿದರೆ ನಮ್ಮ ಮಕ್ಕಳ ಪುಸ್ತಕದ ಮೂರನೆಯ ಬದಿ ತುಂಬೀತು.